ಕೆಡದ ವಸ್ತುವಿನ ಸಾವು

ಒಂದು ವಸ್ತುವು ಸತ್ತಿತೆಂದು ಯಾವಾಗ ಹೇಳಬೇಕು? ಮಡಕೆ ಒಡೆದಾಗ ಅದರ ಕಥೆ ಮುಗಿಯಿತೆನ್ನಬಹುದು. ನೇಗಿಲಿನ ಗುಳ ಸವೆದು ಮಣ್ಣನ್ನು ಸೀಳಲಾರದಾದಾಗ ಅದರ ಆಯುಸ್ಸು ತೀರಿತೆನ್ನಬಹುದು. ಇವೆಲ್ಲ ಕಣ್ಣಿಗೆ ಕಾಣುವ ಸಾವುಗಳು. ಇವುಗಳ ವಿಷಯದಲ್ಲಿ ವಾದವಿಲ್ಲ. ಆದರೆ ಒಡೆಯದೆ, ಸವೆಯದೆ, ತನ್ನ ಕೆಲಸವನ್ನು ಮೊದಲಿನಂತೆಯೇ ಮಾಡುತ್ತಿರುವ ವಸ್ತುವೊಂದನ್ನು ಸತ್ತುದೆಂದು ಭಾವಿಸಿ ಎತ್ತಿಡಬೇಕಾಗಿ ಬಂದರೆ ಅದನ್ನು ಏನೆಂದು ಕರೆಯೋಣ? ಆ ಸಾವಿಗೆ ಹೊಣೆ ಯಾರು? ಇದು ಯಂತ್ರಶಾಸ್ತ್ರದವರ ಪ್ರಶ್ನೆ, ನಮಗೇಕೆ ಎಂದು ವಾಚಕರು ಪುಟ ತಿರುವದಿರಲಿ. ಯಂತ್ರಗಳ ನಡುವೆ ಮುರಿದು ಬೀಳುವ ಸಂಬಂಧಗಳ ಹಿಂದೆ ಮನುಷ್ಯರು ಕೊಟ್ಟ ಮಾತುಗಳಿರುತ್ತವೆ.

ಈ ವಿಚಾರವು ನಮ್ಮ ಮನಸ್ಸನ್ನು ಹೊಕ್ಕಿದ್ದು ಮಿತ್ರರೊಬ್ಬರ ಮನೆಯಲ್ಲಿ. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕಲಿಸಿ ನಿವೃತ್ತರಾದವರು. ಮಲೆನಾಡಿನ ತಮ್ಮ ಸೀಮೆಯ ಜಲಮೂಲಗಳನ್ನು, ಅಂದರೆ ಗುಡ್ಡದ ಬುಡದ ಒರತೆ, ಕಾನಿನೊಳಗಣ ಹೊಂಡ, ಬೇಸಗೆಯಲ್ಲಿಯೂ ಬತ್ತದ ಹಳ್ಳದ ತಲೆ ಇವುಗಳನ್ನು ಒಂದೊಂದಾಗಿ ಹುಡುಕಿ ಗುರುತಿಸುವುದು ಅವರ ಬಿಡುವಿನ ವೇಳೆಯ ವ್ರತವಾಗಿತ್ತು. ದಾರಿ ತೋರಿಸುತ್ತಿದ್ದವರು ಅಕ್ಷರ ಬಾರದ ಒಬ್ಬ ವೃದ್ಧರು. ಮಿತ್ರರ ಕೈಯಲ್ಲಿ ಅಂಗೈಯಗಲದ ಒಂದು ಜಿ.ಪಿ.ಎಸ್. ಉಪಕರಣವಿರುತ್ತಿತ್ತು. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಅದು ಇಡೀ ದಿನ ನಡೆಯುತ್ತದೆ. ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಹೇಳುತ್ತದೆ. ಗುಂಡಿ ಒತ್ತಿದರೆ ಆ ಸ್ಥಾನವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಗುಂಡಿ ಒತ್ತದಿದ್ದರೂ ನಾವು ನಡೆದ ಜಾಡನ್ನು ಚುಕ್ಕೆ ಚುಕ್ಕೆಯಾಗಿ ತನ್ನೊಳಗೆ ಬರೆದುಕೊಳ್ಳುತ್ತ ಹೋಗುತ್ತದೆ. ಹೀಗೆ ಅದರ ಹೊಟ್ಟೆಯಲ್ಲಿ ಎರಡು ಬಗೆಯ ಸಂಪತ್ತು: ಸ್ಥಾನಗಳು, ಮತ್ತು ಸ್ಥಾನದಿಂದ ಸ್ಥಾನಕ್ಕೆ ಹೋದ ದಾರಿಗಳು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಆ ವೃದ್ಧರು ತೀರಿಕೊಂಡರು. ಮಿತ್ರರೂ ಕಾಯಿಲೆ ಬಿದ್ದರು. ಉಪಕರಣವು ಕೆಲವು ವರ್ಷ ಬೀರುವಿನಲ್ಲಿ ಉಳಿಯಿತು. ಕೊನೆಯ ಎರಡು ಬೇಸಗೆಗಳ ತಿರುಗಾಟದ ದಾಖಲೆ ಗಣಕಯಂತ್ರಕ್ಕೆ ಇಳಿಯದೆ ಅದರೊಳಗೇ ಇತ್ತು. 2024ರ ಕಾರ್ತಿಕ ಮಾಸದಲ್ಲಿ ಅವರು ಅದನ್ನು ಹೊರತೆಗೆದು, ಹೊಸ ಸೆಲ್ಲು ಹಾಕಿ, ಅಂಗಳದಲ್ಲಿಟ್ಟರು. ಕೆಲವೇ ನಿಮಿಷಗಳಲ್ಲಿ ಅದು ಆಕಾಶದ ಉಪಗ್ರಹಗಳನ್ನು ಹುಡುಕಿಕೊಂಡು, ಮನೆಯಂಗಳದ ಸ್ಥಾನವನ್ನು ತಪ್ಪಿಲ್ಲದೆ ಹೇಳಿತು. ದಿನಾಂಕ ಮಾತ್ರ 2005ನೆಯ ಇಸವಿಯದಾಗಿತ್ತು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ. ಆಮೇಲೆ ಮೊಮ್ಮಗನ ಹೊಸ ಗಣಕಯಂತ್ರಕ್ಕೆ ಅದನ್ನು ಜೋಡಿಸಿದರು. ಅಲ್ಲಿ ಏನೂ ಆಗಲಿಲ್ಲ.

ಏನೂ ಆಗದಿದ್ದುದಕ್ಕೆ ಕಾರಣಗಳ ಸರಪಳಿಯೇ ಇದೆ. ಅಂತಹ ಹಳೆಯ ಉಪಕರಣಗಳ ಬೆನ್ನಿನಲ್ಲಿ ರಬ್ಬರಿನ ಮುಚ್ಚಳದ ಕೆಳಗೆ ನಾಲ್ಕು ಮೊಳೆಯ ಒಂದು ಕಿಂಡಿ. ಅಲ್ಲಿಂದ ಹೊರಡುವ ತಂತಿಯ ಇನ್ನೊಂದು ತುದಿಯಲ್ಲಿ ಒಂಬತ್ತು ತೂತಿನ ಜೋಡಿಕೆ. 2000ದ ಸುಮಾರಿನಲ್ಲಿ ಗಣಕಯಂತ್ರಗಳ ಹಿಂಬದಿಯಲ್ಲಿ ಅದಕ್ಕೆ ತಕ್ಕ ಸೀರಿಯಲ್ ಪೋರ್ಟು ಇರುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಪೋರ್ಟನ್ನು ತೆಗೆದುಹಾಕಿ ಯು.ಎಸ್.ಬಿ. ಮಾತ್ರ ಉಳಿಸಿದರು. ಆಗ ನಡುವೆ ಒಂದು ಪರಿವರ್ತಕ ಬೇಕಾಯಿತು. ಪರಿವರ್ತಕದೊಳಗೆ ಒಂದು ಚಿಪ್ಪು. ಆ ಚಿಪ್ಪಿನ ಮಾತನ್ನು ಗಣಕಕ್ಕೆ ತಿಳಿಸಿ ಹೇಳಲು ಡ್ರೈವರ್ ಎಂಬ ದುಭಾಷಿ ತಂತ್ರಾಂಶ. ಈ ದುಭಾಷಿಯು ಒಂದು ಕಾಲದ ಆಪರೇಟಿಂಗ್ ಸಿಸ್ಟಮ್ಮಿಗಾಗಿ ಬರೆದದ್ದು. ವಿಂಡೋಸ್ ಎಕ್ಸ್.ಪಿ.ಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲವು 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. ಆಪಲ್ ಸಂಸ್ಥೆಯು 2019ರಲ್ಲಿ ಹೊರತಂದ ಕ್ಯಾಟಲೀನಾ ಎಂಬ ಆವೃತ್ತಿಯಲ್ಲಿ 32 ಬಿಟ್ಟಿನ ತಂತ್ರಾಂಶಗಳಿಗೆ ಪ್ರವೇಶವನ್ನೇ ನಿಲ್ಲಿಸಿತು. ಸರಪಳಿಯ ಯಾವ ಕೊಂಡಿ ಕಳಚಿದರೂ ಫಲ ಒಂದೇ.

ಮಿತ್ರರ ಪ್ರಸಂಗದಲ್ಲಿ ಕಳಚಿದ್ದು ಪರಿವರ್ತಕದ ಕೊಂಡಿ. ಗಣಕದ ಪರದೆಯಲ್ಲಿ ಆ ಚಿಪ್ಪಿನ ಹೆಸರು ಸರಿಯಾಗಿಯೇ ಮೂಡಿತು. ಹೆಸರಿನ ಮುಂದೆ, ಈ ಮಾದರಿಯನ್ನು 2012ರಿಂದ ಕೈಬಿಡಲಾಗಿದೆ, ಮಾರಿದವರನ್ನು ವಿಚಾರಿಸಿಕೊಳ್ಳಿ ಎಂಬರ್ಥದ ಒಕ್ಕಣೆ. ಗುರುತು ಸಿಕ್ಕದೆ ಬಾಗಿಲು ತೆರೆಯದಿರುವುದು ಬೇರೆ; ಗುರುತು ಹಿಡಿದು, ಹೆಸರು ಹಿಡಿದು ಕರೆದು, ಆಮೇಲೆ ಬಾಗಿಲು ಹಾಕಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಒಂದು ನಿಶ್ಚಯವಿದೆ.

ಇಂತಹ ಸಂದರ್ಭದಲ್ಲಿ ಎಲ್ಲರೂ ಆಡುವ ಮಾತು ಒಂದೇ: ‘ಹಳೆಯ ಉಪಕರಣ ಹೊಸ ಗಣಕಕ್ಕೆ ಹೊಂದುವುದಿಲ್ಲ.’ ಮೊಮ್ಮಗನೂ ಹಾಗೆಯೇ ಅಂದನು. ಈ ವಾಕ್ಯದ ಕರ್ತೃಪದವನ್ನು ಸ್ವಲ್ಪ ಗಮನಿಸಬೇಕು. ಹೊಂದದಿರುವುದು ಹಳೆಯದು. ತಪ್ಪು ಹಳೆಯದರ ಮೇಲೆ ಬಿದ್ದಿತು. ನಮ್ಮ ಮನೆಮಾತಿನಲ್ಲಿ, ಹೊಸ ಸೊಸೆ ಹೊಂದಿಕೊಳ್ಳುವುದಿಲ್ಲ ಎಂದೋ ಮುದಿ ಅತ್ತೆ ಹೊಂದಿಕೊಳ್ಳುವುದಿಲ್ಲ ಎಂದೋ ಹೇಳುವಾಗ ಹೇಳುವವರು ಯಾರ ಪಕ್ಷವೆಂಬುದು ತಾನಾಗಿ ತಿಳಿದುಬರುತ್ತದೆ. ಇಲ್ಲಿಯೂ ಹಾಗೆಯೇ.

ಸಂಬಂಧಗಳ ಬಗೆಗೆ ನಮ್ಮ ಪೂರ್ವಿಕ ತಾರ್ಕಿಕರು ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ವೈಶೇಷಿಕ ದರ್ಶನದವರು ಎರಡು ದ್ರವ್ಯಗಳ ಕೂಡುವಿಕೆಯನ್ನು ಸಂಯೋಗವೆಂದೂ ಅಗಲಿಕೆಯನ್ನು ವಿಭಾಗವೆಂದೂ ಕರೆದರು. ಸಂಯೋಗವೂ ವಿಭಾಗವೂ ಕೆಲವೊಮ್ಮೆ ಎರಡರ ಚಲನೆಯಿಂದಲೂ, ಕೆಲವೊಮ್ಮೆ ಒಂದರ ಚಲನೆಯಿಂದ ಮಾತ್ರವೂ ಉಂಟಾಗುತ್ತವೆಯೆಂಬುದು ಅವರ ವಿವೇಚನೆ. ಎರಡು ಟಗರುಗಳು ಹಾಯ್ದು ಬಂದು ಕೂಡಿದರೆ ಅದು ಎರಡರ ಕ್ರಿಯೆ. ಗಿಡುಗವೊಂದು ಬಂದು ಮೋಟುಮರದ ಮೇಲೆ ಕುಳಿತರೆ, ಅಥವಾ ಕುಳಿತಿದ್ದು ಹಾರಿಹೋದರೆ, ಅದು ಒಂದರ ಕ್ರಿಯೆ ಮಾತ್ರ. ಮರ ಇದ್ದಲ್ಲಿಯೇ ಇದೆ. ಈ ಉಪಕರಣ ಮತ್ತು ಗಣಕದ ವಿಭಾಗವು ಎರಡನೆಯ ಜಾತಿಯದು. ಗಿಡುಗ ಹಾರಿತು; ಮರಕ್ಕೆ ಅಯೋಗ್ಯವೆಂಬ ಹೆಸರು ಬಂದಿತು. ಅಗಲಿಕೆ ಉಂಟಾದಾಗ ಚಲಿಸಿದವರು ಯಾರೆಂಬುದನ್ನು ಮೊದಲು ಕೇಳಬೇಕು. ಚಲಿಸಿದ ಮಾತ್ರಕ್ಕೆ ದೋಷಿ ಎಂದಲ್ಲ. ಹೊಣೆಯ ಪ್ರಶ್ನೆ ಮೊದಲು ಅವರ ಬಾಗಿಲಿಗೆ ಹೋಗಬೇಕೆಂದಷ್ಟೆ.

ಈಗ ಇನ್ನೊಂದು ದಿಕ್ಕನ್ನು ನೋಡೋಣ. ಇದೇ ಉಪಕರಣಕ್ಕೆ ಎರಡು ಸಂಬಂಧಗಳು. ಒಂದು ಮೇಜಿನ ಮೇಲಣ ಗಣಕದೊಡನೆ, ಒಂದು ಮೊಳದ ಅಂತರದಲ್ಲಿ. ಇನ್ನೊಂದು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳೊಡನೆ. ಅಮೆರಿಕದ ಸೇನೆಯು ಈ ಸಾಲಿನ ಮೊದಲ ಉಪಗ್ರಹವನ್ನು 1978ರ ಫೆಬ್ರವರಿಯಲ್ಲಿ ಹಾರಿಸಿತು. 1995ರಲ್ಲಿ ವ್ಯವಸ್ಥೆಯು ಪೂರ್ಣಗೊಂಡಿತೆಂದು ಸಾರಲಾಯಿತು. ಪ್ರತಿಯೊಂದು ಉಪಗ್ರಹವೂ ತನ್ನೊಳಗಿನ ಪರಮಾಣು ಗಡಿಯಾರದ ವೇಳೆಯನ್ನೂ ತಾನಿರುವ ಎಡೆಯನ್ನೂ ಸಾರುತ್ತಿರುತ್ತದೆ. ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ, ಒಂದೊಂದು ದನಿಯೂ ಬರಲು ಹಿಡಿದ ಕಾಲವನ್ನು ಲೆಕ್ಕ ಹಾಕಿ ಕೈಯೊಳಗಿನ ಉಪಕರಣವು ತನ್ನ ಸ್ಥಾನವನ್ನು ಅರಿಯುತ್ತದೆ. ಬಹುಕಾಲ ಸಾರ್ವಜನಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಿಂದ ಅದು ನಿಂತಿತು. ಒಂದು ಮರದ ಬುಡದ ಒರತೆಯನ್ನು ಗುರುತಿಸುವಷ್ಟು ನಿಖರತೆ ಸಾಮಾನ್ಯರ ಕೈಗೆ ಬಂದಿದ್ದು ಅಲ್ಲಿಂದೀಚೆಗೆ.

ಆಮೇಲೆ ಆಕಾಶದಲ್ಲಿ ಬದಲಾವಣೆಗಳಾಗಲಿಲ್ಲವೆ? ಧಾರಾಳವಾಗಿ ಆದವು. ಹಳೆಯ ಉಪಗ್ರಹಗಳ ಸ್ಥಾನದಲ್ಲಿ ಹೊಸವು ಬಂದವು. 2005ರಿಂದ ಒಂದು, 2010ರಿಂದ ಇನ್ನೊಂದು, 2018ರ ಕೊನೆಯಲ್ಲಿ ಮತ್ತೊಂದು ಹೊಸ ಸಂಕೇತವನ್ನು ಸಾರುವ ಉಪಗ್ರಹಗಳು ಮೇಲೇರಿದವು. ಆದರೆ ಪ್ರತಿಯೊಂದು ಹೊಸ ಉಪಗ್ರಹವೂ ತನ್ನ ಹೊಸ ಮಾತಿನ ಜೊತೆಗೆ ಹಳೆಯ ಮಾತನ್ನೂ, 1575.42 ಮೆಗಾಹರ್ಟ್ಸ್‌ನ ಆ ಹಳೆಯ ಸಂಕೇತವನ್ನೂ ಆಡುತ್ತದೆ. ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬ ವಿವರವು ಎಲ್ಲರಿಗೂ ಸಿಗುವಂತೆ ಪ್ರಕಟವಾಗಿದೆ. ಇಪ್ಪತ್ತೈದು ವರ್ಷದ ಹಿಂದಿನ ಉಪಕರಣವೊಂದು ಮಲೆನಾಡಿನ ಅಂಗಳದಲ್ಲಿ ಇಂದಿಗೂ ಎಚ್ಚರಗೊಳ್ಳುವುದು ಈ ಕಾರಣದಿಂದ. ಸೇನೆಯೊಂದು ಯುದ್ಧಪ್ರಯೋಜನಕ್ಕೆಂದು ಕಟ್ಟಿದ ವ್ಯವಸ್ಥೆಯು ತನ್ನನ್ನು ನಂಬಿದ ಅಪರಿಚಿತರಿಗೆ ಮಾತು ಉಳಿಸಿಕೊಂಡಿದೆ. ಗ್ರಾಹಕರ ಸೇವೆಯನ್ನೇ ವ್ರತವೆಂದು ಜಾಹೀರು ಮಾಡುವ ಮೇಜಿನ ಮೇಲಣ ವ್ಯವಸ್ಥೆಯು ಉಳಿಸಿಕೊಳ್ಳಲಿಲ್ಲ. ಇದನ್ನು ನೆನೆದಾಗಲೆಲ್ಲ ನಮಗೆ ಒಂದು ಬಗೆಯ ಬೆರಗು.

ನಿಷ್ಠೆಗೂ ಅದರದೇ ಆದ ಬೆಲೆಯುಂಟು. ಮೇಲೆ ಹೇಳಿದ 2005ನೆಯ ಇಸವಿಯ ವಿಷಯ ಹೀಗಿದೆ. ಹಳೆಯ ಸಂಕೇತದಲ್ಲಿ ವಾರಗಳನ್ನು ಎಣಿಸಲು ಹತ್ತು ಬಿಟ್ಟುಗಳ ಜಾಗ ಮಾತ್ರ. ಅದರಲ್ಲಿ 1024 ವಾರಗಳನ್ನು ಎಣಿಸಬಹುದು. ಬಳಿಕ ಎಣಿಕೆ ಸೊನ್ನೆಗೆ ಮರಳುತ್ತದೆ. 1980ರ ಜನವರಿ 6ರಿಂದ ಆರಂಭವಾದ ಈ ಎಣಿಕೆಯು 1999ರ ಆಗಸ್ಟ್ 21ರ ನಡುರಾತ್ರಿಗೆ ಒಮ್ಮೆ, 2019ರ ಏಪ್ರಿಲ್ 6ರ ನಡುರಾತ್ರಿಗೆ ಇನ್ನೊಮ್ಮೆ ಮುಗಿದು ಮೊದಲಾಯಿತು. ಹೊಸ ಉಪಕರಣಗಳಿಗೆ ಇದು ಎಷ್ಟನೆಯ ಸುತ್ತು ಎಂಬ ಅರಿವಿದೆ. ಹಳೆಯ ಎಷ್ಟೋ ಉಪಕರಣಗಳಿಗೆ ಇಲ್ಲ. ಅವು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತವೆ. ಸ್ಥಾನವನ್ನು ಮಾತ್ರ ಸರಿಯಾಗಿಯೇ ಹೇಳುತ್ತವೆ. ಯಾವ ಕಾಲವೆಂದು ತಿಳಿಯದೆ, ಎಲ್ಲಿದ್ದೇನೆಂದು ಮಾತ್ರ ಖಚಿತವಾಗಿ ಬಲ್ಲ ವೃದ್ಧರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಯಾರೂ ಅವರನ್ನು ಜೀವವಿಲ್ಲದವರೆಂದು ಎಣಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ಆಪರೇಟಿಂಗ್ ಸಿಸ್ಟಮ್ ಮಾಡುವವರು ಹೇಳುವುದು ಸುಳ್ಳಲ್ಲ. ಡ್ರೈವರ್ ಎಂಬುದು ಗಣಕದ ಗರ್ಭಗುಡಿಯವರೆಗೆ ಪ್ರವೇಶವುಳ್ಳ ತಂತ್ರಾಂಶ. ಅದರ ವೇಷದಲ್ಲಿ ಕಳ್ಳನೂ ಒಳಹೊಗಬಹುದು. ಹೊಕ್ಕ ಉದಾಹರಣೆಗಳೂ ಉಂಟು. ಆದುದರಿಂದಲೇ ವಿಂಡೋಸ್ ವಿಸ್ಟಾದ ಕಾಲದಿಂದ 64 ಬಿಟ್ಟಿನ ಆವೃತ್ತಿಗಳಲ್ಲಿ, ಗುರುತಿನ ಮುದ್ರೆಯಿಲ್ಲದ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲವೆಂಬ ಕಟ್ಟಳೆಯಾಯಿತು. ಮನೆಯ ಬೀಗ ಬದಲಾಯಿಸಿದವನನ್ನು ಹಳೆಯ ಕೀಲಿಯವರು ಬೈದರೆ ಏನು ಮಾಡಬೇಕು? ಅಲ್ಲದೆ ಹಿಂದಿನದನ್ನೆಲ್ಲ ಎಂದೆಂದಿಗೂ ಹೊತ್ತು ನಡೆಯಬೇಕೆಂದರೆ ಯಾರಿಗೂ ಹೆಜ್ಜೆ ಮುಂದಿಡಲಾಗದು. ನಮ್ಮ ಅಟ್ಟದ ಮೇಲೂ ಎಸೆಯದೆ ಬಿಟ್ಟ ಸಾಮಾನುಗಳ ಭಾರವೆಷ್ಟೆಂದು ನಮಗೆ ಗೊತ್ತು.

ಆದರೆ ರಕ್ಷಣೆಯ ಹೆಸರಿನಲ್ಲಿ ನಡೆಯುವುದೆಲ್ಲ ರಕ್ಷಣೆಯಲ್ಲ. 2014ರ ಅಕ್ಟೋಬರಿನ ಒಂದು ಪ್ರಸಂಗ ಬಹಿರಂಗವಾದದ್ದೇ. ಇಂತಹ ಪರಿವರ್ತಕ ಚಿಪ್ಪುಗಳನ್ನು ಮಾಡುವ ಸ್ಕಾಟ್ಲೆಂಡಿನ ಎಫ್.ಟಿ.ಡಿ.ಐ. ಎಂಬ ಸಂಸ್ಥೆಯ ಹೊಸ ಡ್ರೈವರು ವಿಂಡೋಸಿನ ನವೀಕರಣದ ಮೂಲಕ ಜನರ ಗಣಕಗಳಿಗೆ ತಾನಾಗಿ ಬಂದಿಳಿಯಿತು. ಅದು ಆ ಸಂಸ್ಥೆಯ ಹೆಸರಿನ ನಕಲಿ ಚಿಪ್ಪನ್ನು ಕಂಡರೆ, ಆ ಚಿಪ್ಪಿನೊಳಗಿನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಬಳಿಕ ಆ ಚಿಪ್ಪನ್ನು ಗಣಕಗಳು ಗುರುತಿಸಲಾರದಾಗುತ್ತಿದ್ದವು. ನಕಲು ಮಾಡಿದವನು ಎಲ್ಲಿಯೋ ಸುಖವಾಗಿದ್ದನು. ಪೂರ್ಣ ಬೆಲೆ ತೆತ್ತು, ಅಸಲಿ ನಕಲಿಯ ಭೇದವನ್ನೇ ಅರಿಯದೆ ಕೊಂಡವನಿಗೆ ದಂಡವಾಯಿತು. ಪ್ರತಿಭಟನೆ ಎದ್ದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ತನ್ನ ಹಕ್ಕಿನ ರಕ್ಷಣೆಗಾಗಿ ಮೂರನೆಯವನ ಮನೆಯೊಳಗಿನ ವಸ್ತುವನ್ನು ಕೆಡಿಸಬಹುದೆ? ಆ ವಸ್ತು ಯಾರದೆಂಬ ಪ್ರಶ್ನೆಗೆ, ಹಣ ಕೊಟ್ಟವನದು ಎಂಬ ನಮ್ಮ ಸರಳವಾದ ಉತ್ತರವು ಈ ಕಾಲದಲ್ಲಿ ಸಾಲದೆಂದು ತೋರುತ್ತದೆ.

ಹಾಗಾದರೆ ಚಲಿಸುವವನು ಚಲಿಸದವನಿಗೆ ಏನು ಸಲ್ಲಿಸಬೇಕು? ಎಂದೆಂದಿಗೂ ಜೊತೆಗಿರು ಎಂದು ಕೇಳುವಂತಿಲ್ಲ. ಹೇಳದೆ ಹೋಗೆಂದು ಬಿಡುವಂತೆಯೂ ಇಲ್ಲ. ನಮ್ಮ ದೇಶದಲ್ಲಿಯೇ 1957ರ ಏಪ್ರಿಲ್ 1ರಂದು ನಾಣ್ಯಪದ್ಧತಿ ಬದಲಾಯಿತು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯದಾಯಿತು. ಅಂದು ಬೆಳಗಾಗೆದ್ದು ಅಜ್ಜಿಯ ಸೆರಗಿನ ಗಂಟಿನೊಳಗಿನ ಆಣೆಗಳು ಸತ್ತವೆಂದು ಯಾರೂ ಸಾರಲಿಲ್ಲ. ಹಳೆಯ ನಾಣ್ಯವೂ ಹೊಸದೂ ಕೆಲವು ವರ್ಷ ಜೊತೆಯಾಗಿ ಓಡಾಡಿದವು. ಒಂದಾಣೆಗೆ ಆರೂಕಾಲು ನಯಾಪೈಸೆಯ ಲೆಕ್ಕದಲ್ಲಿ ಪರಿವರ್ತನೆಯ ಕೋಷ್ಟಕಗಳು ಅಚ್ಚಾದವು. ಕಾಲು ಪೈಸೆಯ ಜಗಳಗಳು ಸಂತೆಯಲ್ಲಿ ನಡೆದಿರಬಹುದು. ಆದರೆ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು. ಬಿಟ್ಟು ಹೋಗುವವನು ಕೋಷ್ಟಕವನ್ನಾದರೂ ಇಟ್ಟು ಹೋಗಬೇಕು. ನಾನಿನ್ನು ನಿನ್ನ ಭಾಷೆಯನ್ನಾಡುವುದಿಲ್ಲ, ಇಗೋ ಅದರ ನಿಘಂಟು, ಬೇಕಾದವರು ಆಡಿಕೊಳ್ಳಲಿ ಎನ್ನಬೇಕು. ಕೈಬಿಡುವುದು ದೋಷವಲ್ಲದಿರಬಹುದು. ಕೀಲಿಯನ್ನು ಕೊಂಡೊಯ್ಯುವುದು ದೋಷವೆಂಬುದು ನಮ್ಮ ಅಭಿಪ್ರಾಯ.

ಹಾಗೆ ಕೀಲಿಯಿಟ್ಟು ಹೋದವರೂ ಇದ್ದಾರೆನ್ನಬೇಕು. ಈ ಬಗೆಯ ಉಪಕರಣಗಳ ಪ್ರಮುಖ ತಯಾರಕರಾದ ಗಾರ್ಮಿನ್ ಸಂಸ್ಥೆಯವರು ತಮ್ಮ ಹಳೆಯ ಉಪಕರಣಗಳು ಗಣಕದೊಡನೆ ಆಡುವ ಭಾಷೆಯ ವಿವರವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಸ್ಥಾನ ಮತ್ತು ಜಾಡುಗಳನ್ನು ಬರೆದಿಡಲು ಜಿ.ಪಿ.ಎಕ್ಸ್. ಎಂಬ ಮುಕ್ತವಾದ ಲಿಪಿಪದ್ಧತಿ 2002ರಲ್ಲಿ ಬಂದಿತು. ಈಗಿನ ಉಪಕರಣಗಳೆಲ್ಲ ಹೆಚ್ಚುಕಡಿಮೆ ಅದನ್ನು ಬಲ್ಲವು. ಜಿ.ಪಿ.ಎಸ್. ಬೇಬಲ್ ಎಂಬ ಉಚಿತ ತಂತ್ರಾಂಶವನ್ನು ಸ್ವಇಚ್ಛೆಯಿಂದ ದುಡಿಯುವವರು ಬೆಳೆಸಿದರು. ಅದು ಹಳೆಯ ಉಪಕರಣದ ಮಾತನ್ನು ಕೇಳಿ ಈ ಮುಕ್ತಲಿಪಿಗೆ ಇಳಿಸುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಹಳೆಯ ಪರಿವರ್ತಕ ಚಿಪ್ಪುಗಳ ಡ್ರೈವರುಗಳು ಒಳಗೇ ಸೇರಿವೆ. ಅವುಗಳ ಬರಹ ಬಹಿರಂಗವಾಗಿರುವುದರಿಂದ, ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಇವರಿಗೆ ಇದರಿಂದ ಹಣವಿಲ್ಲ, ಮಲೆನಾಡಿನ ಒರತೆಯ ಸುದ್ದಿಯೂ ತಿಳಿಯದು.

ಹೊಸ ಉಪಕರಣ ಕೊಂಡರಾಯಿತು, ಕೈಯೊಳಗಣ ಫೋನೇ ಈಗ ದಾರಿ ಹೇಳುತ್ತದೆ, ಇಷ್ಟೇಕೆ ಚಿಂತೆ ಎನ್ನುವವರಿಗೆ ಒಂದು ಮಾತು. ಹೊಸ ಉಪಕರಣವು ಮುಂದಿನ ದಾರಿಯನ್ನು ಬರೆದೀತು. ನಡೆದು ಹೋದ ದಾರಿಯನ್ನು ಬರೆಯಲಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರೊಡನೆ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರು ಕಾಡನ್ನು ಸುತ್ತಿ, ಅವರ ಕುಲಗಳ ಪುಣ್ಯಸ್ಥಳಗಳನ್ನು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರು ವಿಂಗಡಿಸುವ ನಾನೂರಕ್ಕೂ ಹೆಚ್ಚು ತಾಣಗಳನ್ನು ಜಿ.ಪಿ.ಎಸ್. ಮೂಲಕ ನಕ್ಷೆಗಿಳಿಸಿದರು. ಬಾಯಿಂದ ಬಾಯಿಗೆ ಬಂದ ಭೂಗೋಳವು ಅಕ್ಷರಬಲ್ಲವರ ಎದುರಿನಲ್ಲಿ ಸಾಕ್ಷಿ ನುಡಿಯುವಂತಾಯಿತು. 2011ರಲ್ಲಿ ಆ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿಯಲ್ಲಿ ಸಮುದಾಯದ ಹಕ್ಕುಗಳು ದೊರೆತವು. ಅಂತಹ ದಾಖಲೆಯು ಹೊರಬರಲಾರದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡರೆ ಯಾರ ಸೊತ್ತು ಕಳೆಯಿತೆಂದು ಲೆಕ್ಕ ಬರೆಯಬೇಕು? ಪೆಟ್ಟಿಗೆಯ ಬೆಲೆ ಕೆಲವು ಸಾವಿರ ರೂಪಾಯಿ. ತೋರಿಸಿದವರು ತೀರಿಕೊಂಡ ಮೇಲೆ ಒಳಗಿರುವುದಕ್ಕೆ ಬೆಲೆ ಕಟ್ಟುವವರು ಯಾರು?

ನಮ್ಮ ಮಿತ್ರರು ಮೊದಲು ಹಿಡಿದದ್ದು ಬೆವರಿನ ದಾರಿ. ಉಪಕರಣದ ಪುಟ್ಟ ಪರದೆಯಲ್ಲಿ ಒಂದೊಂದೇ ಸ್ಥಾನವನ್ನು ತೆರೆದು, ಅದರ ಅಂಕಿಗಳನ್ನು ತಾವು ಓದಿ ಹೇಳಿ, ಮೊಮ್ಮಗನಿಂದ ನೋಟುಪುಸ್ತಕದಲ್ಲಿ ಬರೆಸಿದರು. ಮುನ್ನೂರಕ್ಕೂ ಮಿಕ್ಕ ಸ್ಥಾನಗಳು, ಹನ್ನೊಂದು ಸಂಜೆಗಳು. ಹೀಗೆ ಸ್ಥಾನಗಳು ಉಳಿದವು. ದಾರಿಗಳು ಉಳಿಯಲಿಲ್ಲ, ಅವುಗಳನ್ನು ಆ ಉಪಕರಣವು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆಯೇ ಹೊರತು ಅಂಕಿಯಾಗಿ ಹೇಳುವುದಿಲ್ಲ. ಗಮ್ಯಗಳ ಪಟ್ಟಿ ಸಿಕ್ಕಿತು, ಗಮನ ಸಿಕ್ಕಲಿಲ್ಲ ಎಂದು ಅವರು ನಕ್ಕರು. ನಗೆಯಲ್ಲಿ ನೋವಿತ್ತು.

ಅವರ ಹಳೆಯ ವಿದ್ಯಾರ್ಥಿಯೊಬ್ಬನು ಸುದ್ದಿ ಕೇಳಿ, ಲಿನಕ್ಸ್ ಹಾಕಿದ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದದ್ದು ಮುಂದಿನ ಸಂಕ್ರಾಂತಿಯ ಹೊತ್ತಿಗೆ. ಅದೇ ಉಪಕರಣ, ಅದೇ ತಂತಿ, ಹೆಸರು ಹಿಡಿದು ಹೊರಗೆ ನಿಲ್ಲಿಸಲ್ಪಟ್ಟ ಅದೇ ಪರಿವರ್ತಕ. ಕಾಫಿ ಆರುವಷ್ಟರಲ್ಲಿ ಎಲ್ಲವೂ ಇಳಿದು ಬಂದಿತು. ‘ಸಾರ್, ದಾರಿನೂ ಬಂತು’ ಎಂದನು. ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿದರು. ಕೊನೆಯ ದಿನದ ಜಾಡು ಹಳ್ಳದ ಬದಿಯಲ್ಲಿ ಏರುತ್ತ ಹೋಗಿ, ಒಂದೆಡೆ ಸಿಕ್ಕುಗಟ್ಟಿದ ನೂಲಿನ ಉಂಡೆಯಂತೆ ಆಗಿತ್ತು. ಅಲ್ಲಿ ಯಾವ ಸ್ಥಾನದ ಗುರುತೂ ಇರಲಿಲ್ಲ. ನಿಂತಲ್ಲಿಯೇ ಬಹಳ ಹೊತ್ತು ಇದ್ದರೆ, ಅದರಲ್ಲಿಯೂ ಮರದ ನೆರಳಿನಲ್ಲಿದ್ದರೆ, ಉಪಕರಣವು ಅತ್ತಿತ್ತ ತಡಕಾಡಿ ಹಾಗೆ ಬರೆಯುತ್ತದೆಂದು ವಿದ್ಯಾರ್ಥಿ ವಿವರಿಸಿದನು. ಮಿತ್ರರು ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಇಲ್ಲಿ ಅವರು ಎಲೆಯಡಿಕೆ ಹಾಕಿಕೊಳ್ಳಲು ಕೂತರು. ಕೆಳಗಿನ ಬಿದಿರುಮೆಳೆಯೊಳಗೆ ಇನ್ನೊಂದು ಒರತೆ ಉಂಟು, ಇವತ್ತು ಕಾಲು ಬರುವುದಿಲ್ಲ, ಬರುವ ವರ್ಷ ತೋರಿಸುತ್ತೇನೆ ಎಂದಿದ್ದರು. ಜಾಗ ಯಾವುದೆಂದು ನನಗೆ ಮರೆತೇಹೋಗಿತ್ತು.’

ಶಿವರಾತ್ರಿ ಕಳೆದು ಹಳ್ಳದ ನೀರಿಳಿದ ಮೇಲೆ ಮೂವರೂ ಹೊರಟರು. ಹಳೆಯ ಉಪಕರಣವೇ ಕೈಯಲ್ಲಿತ್ತು.